ಅಕ್ಕಿ ಅದೆ ಕನವ್ವ, ಬ್ಯಾಳೆ ಇದ್ರೆ ಕೊಡು

ಆಷಾಢ ಬಂತೆಂದರೆ, ಕಷ್ಟದಲ್ಲಿರುವ ಮನೆಗಳಿಗೆ ಪುಕ್ಕಟೆ ದಿನಸಿ ಕೊಡುವ ನಮ್ಮ ರೂಮಿನ ಮುಂದೆ ಸಾಲು ಉದ್ದವಾಗುತ್ತದೆ. ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲ ಅಂದರೆ ಛತ್ರಗಳಲ್ಲಿ ಪಾತ್ರೆ ತೊಳೆಯುವವರಿಗೆ, ತರಕಾರಿ ಹೆಚ್ಚುವವರಿಗೆ, ಬಡಿಸುವ ಹುಡುಗರಿಗೆ, ಶಾಮಿಯಾನ ಕಟ್ಟುವವರಿಗೆ, ಹೂವಿನ ಕೆಲಸದವರಿಗೆ, ವಾಲಗದವರಿಗೆ ಕೆಲಸವಿಲ್ಲ. ಮೈಸೂರಿನಲ್ಲಿ ಇದನ್ನೇ ನಂಬಿಕೊಂಡ ಮನೆಗಳು ಎಷ್ಟಿವೆ ಅಂತ ಮದುವೆಗೆ ಹೋಗಿ ಉಂಡು ಬರುವ ನಮಗೆ ಗೊತ್ತಾಗುವುದಿಲ್ಲ. ಚಾಮುಂಡಿ ಬೆಟ್ಟದ ಮೇಲೆ ಆಷಾಢ ಶುಕ್ರವಾರದ ನೂಕುನುಗ್ಗಲು. ಕೆಳಗೆ ಈ ಮನೆಗಳಲ್ಲಿ ಕೈ ಖಾಲಿ. ಶಾಲೆ ಶುರುವಾಗಿ ಫೀಸು, ನೋಟ್‌ಬುಕ್ಕು, ಶೂಗೆ ದುಡ್ಡು ಹೋಗಿರುವುದೂ ಅದೇ ಹೊತ್ತಿನಲ್ಲಿ. ಆಮೇಲೆ ಧನುರ್ಮಾಸದಲ್ಲಿ ಇನ್ನೊಂದು ಸಲ ಹೀಗೇ ಆಗುತ್ತದೆ. ಬೇಸಿಗೆ ರಜೆಯ ಕಥೆ ಬೇರೆ. ಆಗ ಶಾಲೆಯ ಬಿಸಿಯೂಟ ಇರುವುದಿಲ್ಲ, ಮಕ್ಕಳು ಮಧ್ಯಾಹ್ನವೂ ಮನೆಯಲ್ಲೇ ಉಣ್ಣಬೇಕು. ತಿಂಗಳಿಗೆ ಅಂತ ಇಟ್ಟಿದ್ದ ಬೇಳೆ ಮೂರನೇ ವಾರಕ್ಕೇ ಮುಗಿದಿರುತ್ತದೆ.

ರೂಮು ಅಂದರೆ ಕೇಸರೆ ಕಡೆ ಒಬ್ಬರು ಬಾಡಿಗೆ ತಗೊಳ್ಳದೆ ಬಿಟ್ಟುಕೊಟ್ಟಿರುವ ಹಳೇ ಗೋಡೌನು. ಒಳಗೆ ಕಬ್ಬಿಣದ ಶೆಲ್ಫುಗಳು, ನಾಲ್ಕೈದು ದೊಡ್ಡ ಸ್ಟೀಲ್ ಡ್ರಮ್ಮು, ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಪ್ಲಾಸ್ಟಿಕ್ ಕುರ್ಚಿಗಳು. ಹೊರಗೆ ಬೋರ್ಡಿಲ್ಲ. ವಾರಕ್ಕೆ ಎರಡು ಸಂಜೆ ಬಾಗಿಲು ತೆಗೆಯುತ್ತೇವೆ. ಕಷ್ಟದಲ್ಲಿರುವ ಮನೆಯವರು ಬಂದು ಬೇಕಾದ ದಿನಸಿ ತೆಗೆದುಕೊಂಡು ಹೋಗುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ನಡೆಸುವವರು ನಾವು ಹತ್ತಾರು ಜನ. ರಿಟೈರ್ ಆದವರು, ಇಬ್ಬರು ಮೇಷ್ಟ್ರುಗಳು, ಒಂದಷ್ಟು ಕಾಲೇಜು ಹುಡುಗರು. ಅಮೆರಿಕದಲ್ಲಿ ಇಂಥದ್ದನ್ನು ಫುಡ್ ಪ್ಯಾಂಟ್ರಿ ಅನ್ನುತ್ತಾರೆ. ಅಲ್ಲಿ ಅರಿಜೋನಾದ ಫೀನಿಕ್ಸ್ ಊರಿನಲ್ಲಿ ಜಾನ್ ವ್ಯಾನ್ ಹೆಂಗಲ್ ಎನ್ನುವವರು 1967ರಲ್ಲಿ ಮೊದಲ ಫುಡ್ ಬ್ಯಾಂಕ್ ಕಟ್ಟಿದರು. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ, ತಿನ್ನಲು ಚೆನ್ನಾಗಿಯೇ ಇರುವ ಪದಾರ್ಥವನ್ನು ಇಲ್ಲದವರ ಮನೆಗೆ ಮುಟ್ಟಿಸುವುದು ಅವರ ಯೋಚನೆ. ಅಲ್ಲಿ ಈಗ ಊರೂರಲ್ಲೂ ಇದೆ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ಸರ್ಕಾರವೇ ಅಕ್ಕಿ ಕೊಡುತ್ತದೆ. ಹಾಗಾಗಿ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸೊಸೈಟಿಯಲ್ಲಿ ಪುಕ್ಕಟೆ ಅಕ್ಕಿ ಸಿಗುತ್ತಲ್ಲ, ಮತ್ತೆ ನಿಮ್ಮ ರೂಮು ಯಾಕೆ?"

ಕೇಳುವವರು ಕೆಟ್ಟವರಲ್ಲ. ಉತ್ತರ ಹೇಳಲು ಸ್ವಲ್ಪ ಲೆಕ್ಕ ಹಾಕಬೇಕು, ಅಷ್ಟೇ.

ಅನ್ನಭಾಗ್ಯ ಶುರುವಾಗಿದ್ದು 2013ರ ಜುಲೈಯಲ್ಲಿ. ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯ್ದೆಯೂ ಬಂತು. ಅದರಲ್ಲಿ ತಲೆಗೆ 5 ಕೆಜಿ, ತೀರಾ ಬಡವರಿಗೆ ಕೊಡುವ ಅಂತ್ಯೋದಯ ಕಾರ್ಡಿದ್ದರೆ ಮನೆಗೆ 35 ಕೆಜಿ. 2023ರಲ್ಲಿ ರಾಜ್ಯ ಸರ್ಕಾರ ತಲೆಗೆ ಇನ್ನೂ 5 ಕೆಜಿ ಕೊಡುತ್ತೇವೆ ಎಂದಿತು. ಅಕ್ಕಿ ಸಿಗದಾಗ ಕೆಜಿಗೆ 34 ರೂಪಾಯಿಯಂತೆ 170 ರೂಪಾಯಿ ಖಾತೆಗೆ ಹಾಕಿತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯೇ ಬಂತು. ಅಂದರೆ ಆಗ ನಾಲ್ಕು ಜನರ ಮನೆಗೆ ತಿಂಗಳಿಗೆ 40 ಕೆಜಿ ಧಾನ್ಯ.

ಈಗ ತಟ್ಟೆಯ ಕಡೆಯಿಂದ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಸೂಚಿ ಕೊಟ್ಟಿದೆ. ಅದರ ಪ್ರಕಾರ ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ ಸಾಕು. ತಿಂಗಳಿಗೆ ಏಳೂವರೆ ಕೆಜಿ. ಆದರೆ ಬೇಳೆಕಾಳು, ಮೊಟ್ಟೆ, ಮಾಂಸ ಇವೆಲ್ಲ ಸೇರಿ ದಿನಕ್ಕೆ 85 ಗ್ರಾಂ ಬೇಕು. ಬರೀ ಬೇಳೆಕಾಳಿನಲ್ಲೇ ತೂಗಿಸಬೇಕೆಂದರೆ ನಾಲ್ಕು ಜನಕ್ಕೆ ತಿಂಗಳಿಗೆ ಹತ್ತು ಕೆಜಿ. ನಮ್ಮ ರೂಮಿಗೆ ಬರುವ ಮನೆಗಳಲ್ಲಿ ಒಂದು ಕೆಜಿ ತೊಗರಿಬೇಳೆಯಲ್ಲಿ ತಿಂಗಳು ದೂಡುವುದು ಮಾಮೂಲು. ಸಾರಿನಲ್ಲಿ ಬೇಳೆ ಇದೆಯೋ ಇಲ್ಲವೋ ಅಂತ ಹುಡುಕಬೇಕು. ಅಕ್ಕಿ ಸಾಕಷ್ಟಿದೆ, ಅದರ ಜೊತೆ ಕಲಸಿ ಉಣ್ಣಲು ಏನೂ ಇಲ್ಲ. ಇದು ನಮ್ಮ ಊರಿನ ಹಸಿವು.

ಒಬ್ಬ ಅಜ್ಜಿ ಮೊದಲ ಸಲ ಬಂದಾಗ ನಮ್ಮ ಹುಡುಗ ಉತ್ಸಾಹದಲ್ಲಿ ಅಕ್ಕಿ ಚೀಲ ಎತ್ತಿಕೊಟ್ಟ. ಅಜ್ಜಿ ಅದನ್ನು ಹಾಗೇ ಪಕ್ಕಕ್ಕೆ ಸರಿಸಿ, "ಅಕ್ಕಿ ಅದೆ ಕನವ್ವ, ಬ್ಯಾಳೆ ಇದ್ರೆ ಕೊಡು" ಅಂತ ನನ್ನ ಕಡೆ ತಿರುಗಿದರು. ಸರ್ಕಾರಕ್ಕೂ ಈ ಮಾತು ತಲುಪಿರಬೇಕು. 2025ರ ಅಕ್ಟೋಬರಿನಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಸಚಿವ ಸಂಪುಟ ಒಪ್ಪಿತು. ಆ ಸುದ್ದಿ ಓದಿ ನನಗೆ ನಿಜವಾಗಿಯೂ ಸಂತೋಷವಾಯಿತು.

ಪಡಿತರದ ಅಕ್ಕಿಯನ್ನು ಮಾರಿಕೊಳ್ಳುತ್ತಾರೆ ಅಂತ ಜನ ಬೈಯುವುದನ್ನು ನೀವೂ ಕೇಳಿರುತ್ತೀರಿ. ಮಾರುವುದು ಕಾನೂನಿಗೆ ವಿರುದ್ಧ. ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಹತ್ತು ಕೆಜಿ ಅಕ್ಕಿ ಕಡಿಮೆ ರೇಟಿಗೆ ಕೊಟ್ಟು ಅದರಲ್ಲಿ ಒಂದು ಲೀಟರ್ ಎಣ್ಣೆ, ಅರ್ಧ ಕೆಜಿ ಬೇಳೆ ತರುವ ತಾಯಿ ಏನು ಮಾಡುತ್ತಿದ್ದಾಳೆ ಅಂತ ಒಂದು ನಿಮಿಷ ಯೋಚಿಸಬೇಕು. ಅವಳು ಊಟ ಪೂರ್ತಿ ಮಾಡುತ್ತಿದ್ದಾಳೆ. ಗಾಡಿಗಟ್ಟಲೆ ಅಕ್ಕಿ ಕೊಂಡು ಪಾಲಿಶ್ ಮಾಡಿ ಸಾಗಿಸುವವನನ್ನೂ ಇವಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಮಾತಾಡುವುದು ನನಗೆ ಸಹಿಸುವುದಿಲ್ಲ.

ರೇಷನ್ ಕಾರ್ಡೇ ಇಲ್ಲದವರ ಕಷ್ಟ ಇನ್ನೊಂದು. ಬಿಪಿಎಲ್ ಕಾರ್ಡಿಗೆ ನಮ್ಮ ರಾಜ್ಯದಲ್ಲಿ ವರ್ಷದ ಆದಾಯ 1.2 ಲಕ್ಷ ದಾಟಬಾರದು. ತಿಂಗಳಿಗೆ ಹತ್ತು ಸಾವಿರ. ಗಂಡ ಪೇಂಟಿಂಗ್ ಕೆಲಸ, ಹೆಂಡತಿ ಮನೆಗೆಲಸ ಮಾಡಿದರೆ ದಾಟಿಯೇ ದಾಟುತ್ತದೆ. ಬಾಡಿಗೆ ಕೊಟ್ಟು ಉಳಿಯುವುದು ಎಷ್ಟು ಅಂತ ಆ ಲೆಕ್ಕ ಕೇಳುವುದಿಲ್ಲ. ಗಾಡಿ ಸಾಲಕ್ಕೆ ಬೇಕು ಅಂತ ಮಗ ಐಟಿ ರಿಟರ್ನ್ಸ್ ಹಾಕಿದ್ದಕ್ಕೆ ಇಡೀ ಮನೆಯ ಕಾರ್ಡ್ ಎಪಿಎಲ್ ಆದವರೂ ಬಂದಿದ್ದಾರೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ. ಹುಟ್ಟಿದ ಮಗುವಿನ ಹೆಸರು ಸೇರಿರುವುದಿಲ್ಲ.

ಹೆಬ್ಬೆಟ್ಟಿನ ಕಥೆಯನ್ನು ಹೇಳಲೇಬೇಕು. ಮೈಸೂರಿನಲ್ಲಿ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವ ಹೆಣ್ಣುಮಕ್ಕಳು ತುಂಬಾ ಇದ್ದಾರೆ. ವರ್ಷಾನುಗಟ್ಟಲೆ ಮಣೆಯ ಮೇಲೆ ಹಿಟ್ಟು ಉಜ್ಜಿ ಉಜ್ಜಿ ಬೆರಳಿನ ಗೆರೆ ಸವೆದಿರುತ್ತದೆ. ಛತ್ರದಲ್ಲಿ ಪಾತ್ರೆ ತೊಳೆಯುವವರದ್ದೂ, ಗಾರೆ ಕೆಲಸದವರದ್ದೂ ಹಾಗೇ. ಸೊಸೈಟಿಯ ಯಂತ್ರ ಅವರ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಒಂದು ಸಲ, ಎರಡು ಸಲ, ಒರೆಸಿಕೊಂಡು ಇನ್ನೊಂದು ಸಲ. ಹಿಂದೆ ನಿಂತವರು ಗೊಣಗುತ್ತಾರೆ. ಒಟಿಪಿ ಬರುವ ಮೊಬೈಲ್ ನಂಬರ್ ಯಾವತ್ತೋ ಬದಲಾಗಿರುತ್ತದೆ. ನಮ್ಮ ಕಾಲೇಜು ಹುಡುಗರಲ್ಲಿ ಇಬ್ಬರು ಈ ಕೆಲಸವನ್ನೇ ಹಿಡಿದಿದ್ದಾರೆ. ಇಂಥವರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳು, ಕಣ್ಣು, ಫೋನ್ ನಂಬರು ಎಲ್ಲ ಹೊಸದಾಗಿ ಮಾಡಿಸಿಕೊಂಡು ಬರುತ್ತಾರೆ. ಒಂದು ಮನೆಯ ಕಾರ್ಡ್ ಸರಿಯಾದರೆ ವರ್ಷಕ್ಕೆ ಕ್ವಿಂಟಾಲುಗಟ್ಟಲೆ ಧಾನ್ಯ ಆ ಮನೆಗೆ ಹಕ್ಕಿನಿಂದ ಬರುತ್ತದೆ. ನಾವು ಶೆಲ್ಫಿನಿಂದ ಕೊಡುವುದು ಅದರ ಮುಂದೆ ಏನೂ ಅಲ್ಲ. ರೂಮು ಮಾಡುವ ಕೆಲಸದಲ್ಲಿ ಇದೇ ದೊಡ್ಡದು ಅಂತ ನನಗೆ ಅನಿಸುತ್ತದೆ.

ಇನ್ನು ಶೆಲ್ಫಿನ ವಿಷಯ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಮೈಸೂರಿನ ಬೀದಿಬೀದಿಯಲ್ಲಿ ಕಿಟ್ ಹಂಚಿದರು. ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಸಕ್ಕರೆ, ಎಲ್ಲಕ್ಕೂ ಒಂದೇ ಚೀಲ. ಆ ಹೊತ್ತಿಗೆ ಅದೇ ಸರಿಯಾಗಿತ್ತು. ಜನ ಹೊರಗೆ ಬರುವ ಹಾಗಿರಲಿಲ್ಲ, ಬೇಗ ಬೇಗ ಮುಟ್ಟಿಸಬೇಕಿತ್ತು. ನಮ್ಮ ರೂಮು ಹುಟ್ಟಿದ್ದೂ ಆ ಕಿಟ್ಟಿನಿಂದಲೇ. ಆಮೇಲೆ ಗುಂಪಿನಲ್ಲಿ ಒಬ್ಬ ಮೇಷ್ಟ್ರು, "ಈಗ ಅಂಗಡಿ ಥರ ಮಾಡೋಣ, ಅವರೇ ಆರಿಸಿಕೊಳ್ಳಲಿ" ಅಂದರು. ಕಿಟ್ ಕಟ್ಟುವುದನ್ನು ಬಿಟ್ಟೆವು.

ಈಗ ನಡೆಯುವುದು ಹೀಗೆ. ಪ್ರತಿ ಮನೆಗೆ ಒಂದು ಕಾರ್ಡು, ಅದರಲ್ಲಿ ತಿಂಗಳಿಗೆ ಇಷ್ಟು ಪಾಯಿಂಟು. ಮನೆಯಲ್ಲಿ ಜನ ಜಾಸ್ತಿ ಇದ್ದರೆ ಪಾಯಿಂಟೂ ಜಾಸ್ತಿ. ಶೆಲ್ಫಿನಲ್ಲಿ ಪ್ರತಿ ಸಾಮಾನಿಗೂ ಎಷ್ಟು ಪಾಯಿಂಟು ಅಂತ ಚೀಟಿ ಅಂಟಿಸಿದ್ದೇವೆ. ಓದಲು ಬಾರದವರಿಗೆ ಬಣ್ಣದ ಚುಕ್ಕೆ. ಅವರು ಚೀಲ ಹಿಡಿದು ಬರುತ್ತಾರೆ, ನೋಡುತ್ತಾರೆ, ಎತ್ತಿಕೊಳ್ಳುತ್ತಾರೆ, ಇಡುತ್ತಾರೆ. ಕೊನೆಯಲ್ಲಿ ಒಬ್ಬರು ಕೂಡಿಸಿ ಬರೆದುಕೊಳ್ಳುತ್ತಾರೆ. ಹೊಸಬರು ಬಂದರೆ ಮನೆಯಲ್ಲಿ ಎಷ್ಟು ಜನ, ಚಿಕ್ಕ ಮಕ್ಕಳು ಇದ್ದಾರಾ, ರೇಷನ್ ಕಾರ್ಡ್ ಇದೆಯಾ, ಈಗ ಏನು ಕಷ್ಟ ಅಂತ ಕೇಳುತ್ತೇವೆ. ಆಧಾರ್ ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ಹೆಚ್ಚಿನವರನ್ನು ಅಂಗನವಾಡಿ ಟೀಚರೋ ಆಶಾ ಕಾರ್ಯಕರ್ತೆಯೋ ಶಾಲೆಯ ಹೆಡ್‌ಮಾಸ್ಟರೋ ಕಳಿಸಿರುತ್ತಾರೆ. ಯಾರ ಮನೆಯಲ್ಲಿ ಒಲೆ ಹತ್ತುತ್ತಿಲ್ಲ ಅಂತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೂತು ಮಾತಾಡುತ್ತೇವೆ. ಕೆಲಸ ಸಿಕ್ಕಿದವರು ತಾವಾಗಿಯೇ ಕಾರ್ಡ್ ವಾಪಸ್ ಕೊಡುತ್ತಾರೆ. ವಯಸ್ಸಾದವರಿಗೆ ಈ ಮೂರು ತಿಂಗಳ ಲೆಕ್ಕ ಇಲ್ಲ.

ಆರಿಸಿಕೊಳ್ಳಲು ಬಿಟ್ಟ ಮೇಲೆ ನಾವು ಕಲಿತದ್ದು ಬಹಳ. ಯಾವುದು ಬೇಗ ಖಾಲಿಯಾಗುತ್ತದೆ, ಯಾವುದು ಹಾಗೇ ಕೂತಿರುತ್ತದೆ ಅಂತ ನೋಡಿದರೆ ಸಾಕು, ಆ ಮನೆಗಳ ಅಡುಗೆಮನೆ ಕಣ್ಣಿಗೆ ಬರುತ್ತದೆ. ತೊಗರಿಬೇಳೆ, ಎಣ್ಣೆ, ರಾಗಿ ಹಿಟ್ಟು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಬಟ್ಟೆ ಸೋಪು, ಪ್ಯಾಡು ಮೊದಲು ಹೋಗುತ್ತವೆ. ರಾಜ್ಮಾ, ಕಾಬೂಲ್ ಕಡಲೆ ಯಾರೂ ಮುಟ್ಟುವುದಿಲ್ಲ. ಅಪಾರ್ಟ್‌ಮೆಂಟಿನವರು ಪ್ರೀತಿಯಿಂದ ಕಳಿಸಿದ ಓಟ್ಸು, ಪಾಸ್ತಾ ಹಾಗೇ ಇರುತ್ತವೆ.

ರಾಜ್ಮಾ ಯಾಕೆ ಬೇಡ ಅಂತ ನಮಗೆ ಮೊದಲು ಅರ್ಥವಾಗಿರಲಿಲ್ಲ. ಒಂದು ಸಂಜೆ ಒಬ್ಬಾಕೆ ಶೆಲ್ಫಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಒಂದು ಕೈಯಲ್ಲಿ ಹುರುಳಿಕಾಳು, ಇನ್ನೊಂದು ಕೈಯಲ್ಲಿ ಹೆಸರುಬೇಳೆ. ಹುರುಳಿಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ಮುಖ ಅರಳಿತು. ಆಮೇಲೆ ಅದನ್ನು ಇಟ್ಟು ಹೆಸರುಬೇಳೆಯನ್ನೇ ಚೀಲಕ್ಕೆ ಹಾಕಿಕೊಂಡರು. "ಯಾಕಕ್ಕ, ಹುರುಳಿ ಸಾರು ಇಷ್ಟ ಇಲ್ವಾ?" ಅಂದೆ. "ಇಷ್ಟ ಮೇಡಂ. ಆದ್ರೆ ಅದು ಬೇಯೋ ಹೊತ್ತಿಗೆ ಗ್ಯಾಸು ಎಷ್ಟು ಹೋಗುತ್ತೆ! ಹೆಸರುಬೇಳೆ ಆದ್ರೆ ಎರಡು ಕುದಿಗೆ ಬೇಯುತ್ತೆ" ಅಂದರು. ಅವರ ಮನೆಯ ಕುಕ್ಕರಿನ ಗ್ಯಾಸ್ಕೆಟ್ ಹೋಗಿ ಎಷ್ಟೋ ದಿನವಾಗಿತ್ತಂತೆ. ಆ ಮೇಲೆ ನಾವು ಕುಕ್ಕರ್ ಗ್ಯಾಸ್ಕೆಟ್ಟುಗಳನ್ನೂ ತಂದು ಶೆಲ್ಫಿನಲ್ಲಿಟ್ಟೆವು. ಸೈಜು ನೋಡಿಕೊಂಡು ಒಯ್ಯುತ್ತಾರೆ. ಅದು ಬಂದ ಮೇಲೆ ಹುರುಳಿ, ಅಲಸಂದೆ ಕಾಳು ಹೋಗಲು ಶುರುವಾಯಿತು. ಇಷ್ಟು ಸಣ್ಣ ವಿಷಯ ಕಿಟ್ ಕಟ್ಟುತ್ತಾ ಇದ್ದಿದ್ದರೆ ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಕಾಫಿಪುಡಿಯ ಜಗಳ ಇನ್ನೂ ನೆನಪಿದೆ. ಮದುವೆ ಅಡುಗೆಯವರ ಜೊತೆ ನಲವತ್ತು ವರ್ಷ ಕೆಲಸ ಮಾಡಿ ಈಗ ಮಂಡಿ ಹೋಗಿರುವ ಒಬ್ಬ ಹಿರಿಯರು ಬರುತ್ತಾರೆ. ಅವರು ಯಾವತ್ತೂ ಏನನ್ನೂ ಕೇಳಿದವರಲ್ಲ. ಒಂದು ದಿನ ತಲೆ ತಗ್ಗಿಸಿಕೊಂಡು, "ಕಾಫಿಪುಡಿ ಏನಾದರೂ ಬರುತ್ತಾ?" ಅಂದರು. ಅಂದಿನ ಮೀಟಿಂಗಿನಲ್ಲಿ ಅದೇ ಚರ್ಚೆ. ಕಾಫಿ ಅವಶ್ಯಕತೆ ಅಲ್ಲ, ದಾನಿಗಳ ದುಡ್ಡನ್ನು ಹೊಟ್ಟೆಗೆ ಬೀಳುವುದಕ್ಕೆ ಖರ್ಚು ಮಾಡಬೇಕು ಅಂತ ಕೆಲವರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಆದರೆ ನಾನು ಬಿಡಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎಪ್ಪತ್ತು ವರ್ಷದ ಮನುಷ್ಯನಿಗೆ ಬೆಳಗಿನ ಕಾಫಿ ಬೇಡ ಅಂತ ಹೇಳಲು ನಾವು ಯಾರು? ನಾವೆಲ್ಲ ಆ ಮೀಟಿಂಗಿಗೆ ಕಾಫಿ ಕುಡಿದೇ ಬಂದಿದ್ದೆವು ಅಲ್ವಾ? ಬಡತನ ಬಂದ ತಕ್ಷಣ ನಾಲಿಗೆಯ ರುಚಿ ಹೋಗುವುದಿಲ್ಲ. ಕೊನೆಗೆ ಚಿಕೋರಿ ಬೆರೆತ ಕಾಫಿಪುಡಿ, ಟೀಪುಡಿ ಎರಡೂ ಸಣ್ಣ ಪೊಟ್ಟಣಗಳಲ್ಲಿ ಶೆಲ್ಫಿಗೆ ಬಂದವು. ಪಾಯಿಂಟು ಸ್ವಲ್ಪ ಜಾಸ್ತಿ ಇಟ್ಟೆವು. ಬೇಕಾದವರು ಬೇರೆ ಏನನ್ನೋ ಬಿಟ್ಟು ಅದನ್ನು ತಗೊಳ್ಳುತ್ತಾರೆ. ಅದು ಅವರ ಲೆಕ್ಕ.

ರಾಗಿ ಇಲ್ಲದಿದ್ದರೆ ಮೈಸೂರು-ಮಂಡ್ಯ ಕಡೆಯವರಿಗೆ ಊಟ ಆದ ಹಾಗೇ ಆಗುವುದಿಲ್ಲ. ಬೆಳಿಗ್ಗೆ ಒಂದು ಮುದ್ದೆ ಉಂಡು ಹೋದರೆ ಮಧ್ಯಾಹ್ನದವರೆಗೆ ಗಾರೆ ಕೆಲಸ ನಡೆಯುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದು ತೀರಾ ಕಡಿಮೆ. ನಮಗೆ ರಾಗಿ ಬರುವುದು ಹಳ್ಳಿಗಳಿಂದ. ಸುಗ್ಗಿ ಮುಗಿದ ಮೇಲೆ ಮಂಡ್ಯ ಕಡೆಯ ಕೆಲವು ರೈತರು ಚೀಲಗಟ್ಟಲೆ ಕೊಡುತ್ತಾರೆ, ಜೊತೆಗೆ ಆಲೆಮನೆಯಿಂದ ಅಚ್ಚುಬೆಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡದೇ ಇದ್ದಿದ್ದರೆ ರೈತರ ಕೈಯಲ್ಲಿ ಹೀಗೆ ಕೊಡುವಷ್ಟು ಮಿಗುತ್ತಿತ್ತೋ ಇಲ್ಲವೋ. ಜನ ಅವರನ್ನು ರಾಗಿ ಬ್ರಹ್ಮ ಅಂತ ಕರೆದದ್ದು ಸುಮ್ನೆ ಅಲ್ಲ.

ರಾಗಿಯ ಇನ್ನೊಂದು ಗುಣ, ಅದಕ್ಕೆ ಹುಳ ಹಿಡಿಯುವುದು ಅಪರೂಪ. ಹಿಂದೆ ನೆಲದೊಳಗೆ ತೋಡಿದ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಬೇಳೆಕಾಳು ಹಾಗಲ್ಲ. ಹೆಸರುಕಾಳು, ಅಲಸಂದೆ ಒಂದು ಮಳೆಗಾಲ ಕಳೆಯುವುದರೊಳಗೆ ತೂತು ಬಿದ್ದು ಹಿಟ್ಟು ಉದುರುತ್ತದೆ. ಗೋಡೌನಿನಲ್ಲಿ ನಮ್ಮ ಅರ್ಧ ಕೆಲಸ ಹುಳ, ಇಲಿ, ತೇವದ ಜೊತೆಗಿನ ಕಾದಾಟ. ಚೀಲಗಳನ್ನು ನೆಲಕ್ಕೆ ತಾಗಿಸುವುದಿಲ್ಲ, ಗೋಡೆಗೂ ತಾಗಿಸುವುದಿಲ್ಲ. ಮರದ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡುತ್ತೇವೆ. ಕಾಳಿನ ಡ್ರಮ್ಮಿಗೆ ಒಣಗಿದ ಬೇವಿನ ಸೊಪ್ಪು. ತೊಗರಿಬೇಳೆ ಜಾಸ್ತಿ ಬಂದರೆ ಬಿಸಿಲಿಗೆ ಹರಡಿ ಹರಳೆಣ್ಣೆ ಸವರಿ ತುಂಬುತ್ತೇವೆ. ಇದನ್ನು ಹೇಳಿಕೊಟ್ಟವರು ದಿನಸಿ ಒಯ್ಯಲು ಬರುವ ಅಜ್ಜಿಯರೇ. ಮೊದಲು ಬಂದ ಚೀಲ ಮೊದಲು ಹೋಗಬೇಕು. ಅದಕ್ಕೆ ಪ್ರತಿ ಚೀಲದ ಮೇಲೂ ತಾರೀಖು ಬರೆಯುತ್ತೇವೆ.

ಪ್ಯಾಕೆಟ್ಟುಗಳ ತಾರೀಖು ನೋಡುವುದಕ್ಕೆ ಒಬ್ಬರು ಮೀಸಲು. ಮಿಕ್ಕಿದ ಆಹಾರವನ್ನು ಹಂಚುವುದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ಮಾಡಿದೆ. ಅವಧಿ ಮುಗಿದದ್ದನ್ನು ಹಂಚುವ ಹಾಗಿಲ್ಲ. ನಿಯಮ ಇಲ್ಲದಿದ್ದರೂ ನಾವು ಹಂಚುತ್ತಿರಲಿಲ್ಲ. ಮನೆ ಖಾಲಿ ಮಾಡುವಾಗ ಕೆಲವರು ಹಳೇ ಪ್ಯಾಕೆಟ್ಟುಗಳನ್ನೆಲ್ಲ ತುಂಬಿ ಕಳಿಸುತ್ತಾರೆ. ಅರ್ಧ ತೆಗೆದ ಸಾಂಬಾರ್ ಪುಡಿ, ಗಂಟುಗಟ್ಟಿದ ರವೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಮನೆಯಲ್ಲಿ ನೀವು ತಿನ್ನದೇ ಇರುವುದನ್ನು ಇನ್ನೊಬ್ಬರ ಮಕ್ಕಳಿಗೆ ಕಳಿಸಬೇಡಿ.

ಪಡಿತರದ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆ ಅನ್ನುವ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೋ. ಮೊರದಲ್ಲಿ ಅಕ್ಕಿ ಹರಡಿಕೊಂಡು, ಸ್ವಲ್ಪ ಬೇರೆ ಬಣ್ಣದ ಕಾಳುಗಳನ್ನು ಒಂದೊಂದಾಗಿ ಆರಿಸಿ ಎಸೆಯುತ್ತಾರೆ. ನೀರಿಗೆ ಹಾಕಿದರೆ ಅವು ತೇಲುತ್ತವೆ ಬೇರೆ. ಅನುಮಾನ ಬರುವುದು ಸಹಜ. ಅವು ಸಾರವರ್ಧಿತ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ, ನೂರು ಕೆಜಿ ಅಕ್ಕಿಗೆ ಒಂದು ಕೆಜಿಯ ಲೆಕ್ಕದಲ್ಲಿ ಬೆರೆಸುತ್ತಾರೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಬೇಕಾದದ್ದೇ ಅದು. ಅವರು ಎಸೆಯುತ್ತಿರುವುದೂ ಅದನ್ನೇ. ಭಾಷಣ ಮಾಡಿದರೆ ಯಾರೂ ನಂಬುವುದಿಲ್ಲ. ನಮ್ಮ ಗುಂಪಿನ ಒಬ್ಬ ಮೇಡಂ ಒಂದು ಹಿಡಿ ಕಾಳನ್ನು ಬೇರೆ ಮಾಡಿ, ಎಲ್ಲರ ಮುಂದೆ ಸಣ್ಣ ಪಾತ್ರೆಯಲ್ಲಿ ಬೇಯಿಸಿ, ಬೆರಳಲ್ಲಿ ಹಿಸುಕಿ ತೋರಿಸಿ, ತಾವೇ ತಿಂದರು. ಪ್ಲಾಸ್ಟಿಕ್ ಆಗಿದ್ದರೆ ಹೀಗೆ ಅನ್ನವಾಗುತ್ತಿತ್ತಾ? ಅಂದಿನಿಂದ ಆ ಬೀದಿಯಲ್ಲಿ ಆರಿಸಿ ಎಸೆಯುವುದು ಕಡಿಮೆಯಾಗಿದೆ.

ಸಾಮಾನು ಎಲ್ಲಿಂದ ಬರುತ್ತದೆ ಅಂತಲೂ ಹೇಳಬೇಕು. ತಿಂಗಳಿಗೆ ಇಷ್ಟು ಅಂತ ಕಳಿಸುವ ಪಿಂಚಣಿದಾರರೇ ನಮ್ಮ ಬೆನ್ನೆಲುಬು. ಸಂತೇಪೇಟೆಯ ಸಗಟು ಅಂಗಡಿಯವರು ಕೊಂಡ ಬೆಲೆಗೇ ಕೊಡುತ್ತಾರೆ. ಮದುವೆ ಮುಗಿದ ಮೇಲೆ ಒಡೆಯದೇ ಉಳಿದ ಎಣ್ಣೆ ಟಿನ್ನು, ಬೇಳೆ ಮೂಟೆಯನ್ನು ಕೆಲವು ಮನೆಯವರು ಛತ್ರದಿಂದ ನೇರ ತಂದಿಳಿಸುತ್ತಾರೆ. ತಿಥಿಯ ದಿನ, ಹುಟ್ಟುಹಬ್ಬದ ದಿನ ಕೊಡುವವರಿದ್ದಾರೆ. ಬಂಡಿಪಾಳ್ಯದ ಎಪಿಎಂಸಿಯಿಂದ ಕೆಲವು ದಿನ ಉಳಿದ ತರಕಾರಿ ಬರುತ್ತದೆ. ಅದನ್ನು ಅವತ್ತೇ ಖಾಲಿ ಮಾಡಬೇಕು, ಪಾಯಿಂಟು ಇಲ್ಲ. ಕಷ್ಟವಾಗುವುದು ಬೆಲೆ ಏರಿದಾಗ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಲೀಟರಿಗೆ 200 ರೂಪಾಯಿಯ ಹತ್ತಿರ ಹೋಯಿತು. ನಮ್ಮ ದೇಶಕ್ಕೆ ಆ ಎಣ್ಣೆ ಹೆಚ್ಚಾಗಿ ಅಲ್ಲಿಂದಲೇ ಬರುತ್ತಿತ್ತು. ಅದೇ ಏಪ್ರಿಲಿನಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ಹೊರಗೆ ಕಳಿಸುವುದನ್ನು ನಿಲ್ಲಿಸಿತು. ಎಲ್ಲೋ ನಡೆದದ್ದು ಇಲ್ಲಿ ಕೇಸರೆಯ ಒಗ್ಗರಣೆಗೆ ಬಂದು ತಾಗಿತು. ಲೀಟರ್ ಪ್ಯಾಕೆಟ್ ಬದಲು ಅರ್ಧ ಲೀಟರ್ ಇಡಬೇಕಾಯಿತು.

ಮೈಸೂರಿಗೆ ಊಟ ಹಾಕುವುದು ಹೊಸದೇನಲ್ಲ. ಹಿಂದೆ ಓದಲು ಬಂದ ಬಡ ಹುಡುಗರು ವಾರಾನ್ನದ ಮನೆಗಳಲ್ಲಿ ಉಂಡು ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹಾಗೆ ಓದಿ ದೊಡ್ಡವರಾದವರು ಅದನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. ಜೊತೆಗೆ ಆ ಹೊತ್ತಿನ ಸಂಕೋಚವನ್ನೂ ಮರೆತಿರುವುದಿಲ್ಲ. ಆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಊರೆಲ್ಲ ತಾತಯ್ಯ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿದರು. ಸುತ್ತೂರು ಮಠದ ದಾಸೋಹ ಇಂದಿಗೂ ನಡೆದಿದೆ. ಇಂದಿರಾ ಕ್ಯಾಂಟೀನ್ ಬಂದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗುವ ಹಾಗಾಯಿತು. ಅಲ್ಲಿ ದುಡ್ಡು ಕೊಟ್ಟು ಉಣ್ಣುತ್ತಾರೆ, ಯಾರೂ ಯಾರನ್ನೂ ಯಾಕೆ ಬಂದಿ ಅಂತ ಕೇಳುವುದಿಲ್ಲ. ಅದು ನನಗೆ ತುಂಬಾ ಹಿಡಿಸುತ್ತದೆ.

ಫೋಟೋ ವಿಷಯದಲ್ಲಿ ನಾವು ಕಟ್ಟುನಿಟ್ಟು. ರೂಮಿನೊಳಗೆ ಫೋಟೋ ಇಲ್ಲ, ವಿಡಿಯೋ ಇಲ್ಲ. ಇದರಿಂದ ದೊಡ್ಡ ದಾನಿಗಳು ಕೈತಪ್ಪಿದ್ದಾರೆ. ಬ್ಯಾನರ್ ಕಟ್ಟಿ, ಸಾಲಾಗಿ ನಿಲ್ಲಿಸಿ, ಚೀಲದ ಒಂದು ತುದಿ ಅವರು ಒಂದು ತುದಿ ಇವರು ಹಿಡಿದು ನಿಲ್ಲುವುದಕ್ಕೆ ನಾವು ಒಪ್ಪುವುದಿಲ್ಲ. ಆ ಹೆಣ್ಣುಮಗಳ ಮಗ ಅದೇ ಬಡಾವಣೆಯ ಶಾಲೆಗೆ ಹೋಗುತ್ತಾನೆ. ನಾಳೆ ಆ ಫೋಟೋ ಅವನ ಗೆಳೆಯರ ಮನೆಯ ಮೊಬೈಲಿಗೆ ಬಂದಿರುತ್ತದೆ. ಕೊಟ್ಟವರಿಗೆ ರಸೀದಿ ಕೊಡುತ್ತೇವೆ, ಲೆಕ್ಕದ ಪುಸ್ತಕ ಯಾರು ಬೇಕಾದರೂ ನೋಡಬಹುದು. ನಂಬಿಕೆಗೆ ಅಷ್ಟು ಸಾಕು.

ಈಗ ನಮ್ಮಲ್ಲಿ ಇತ್ಯರ್ಥವಾಗದೆ ಉಳಿದಿರುವುದು ಗ್ಯಾಸಿನ ವಿಷಯ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಗ್ಯಾಸ್ ಒಲೆ ಬಂತು. 14.2 ಕೆಜಿ ಸಿಲಿಂಡರ್ ಖಾಲಿಯಾದಾಗ ಒಂದೇ ಸಲ ಅಷ್ಟು ದುಡ್ಡು ಹೊಂದಿಸುವುದು ಕಷ್ಟ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ಕೂಡಲೇ ಮೊದಲು ಸಿಲಿಂಡರ್ ಬುಕ್ ಮಾಡುತ್ತೇವೆ ಅಂತ ಎಷ್ಟೋ ಹೆಣ್ಣುಮಕ್ಕಳು ಹೇಳುತ್ತಾರೆ. 2023ರ ಆಗಸ್ಟಿನಲ್ಲಿ ಆ ಯೋಜನೆ ಶುರುವಾಗಿದ್ದು ನಮ್ಮ ಮೈಸೂರಿನಲ್ಲೇ. ಸಿಲಿಂಡರಿಗೆ ಕೈಸಾಲದ ಹಾಗೆ ಒಂದು ಸಣ್ಣ ನಿಧಿ ಇಡೋಣ ಅಂತ ನನ್ನ ವಾದ. ದುಡ್ಡಿನ ವ್ಯವಹಾರ ಶುರುವಾದರೆ ರೂಮು ಕೆಡುತ್ತದೆ ಅಂತ ಇನ್ನು ಕೆಲವರು. ಅವರ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬೇಳೆ ಕೊಟ್ಟು, ಬೇಯಿಸುವುದು ನಿಮ್ಮ ಪಾಡು ಅನ್ನುವುದು ನನಗೆ ಅರ್ಧ ಕೆಲಸ ಅನಿಸುತ್ತದೆ.

ಹೋದ ತಿಂಗಳು ಮಂಡ್ಯದಿಂದ ನಾಲ್ಕು ಜನ ಬಂದು ರೂಮು ನೋಡಿಕೊಂಡು ಹೋದರು. ಅಲ್ಲೂ ಶುರು ಮಾಡಬೇಕಂತೆ. ಜಾಗ ಸಿಕ್ಕಿದೆ, ರಾಗಿಗೂ ಬೆಲ್ಲಕ್ಕೂ ಅಲ್ಲಿ ಬರ ಇಲ್ಲ. ಅಕ್ಕಿ ಮೂಟೆ ಪೇರಿಸಬೇಡಿ, ಬೇಳೆ ಎಣ್ಣೆಗೆ ದುಡ್ಡು ಇಡಿ, ಮೊದಲ ದಿನದಿಂದಲೇ ಆರಿಸಿಕೊಳ್ಳಲು ಬಿಡಿ ಅಂತ ಹೇಳಿದೆ. ಬಾಗಿಲು ತೆಗೆಯುವ ಹೊತ್ತಿನ ಬಗ್ಗೆ ಮಾತ್ರ ತೀರ್ಮಾನವಾಗಿಲ್ಲ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಬಸ್ಸಿನಲ್ಲಿ ಹೊರಟರೆ ಮನೆ ಸೇರುವುದು ಕತ್ತಲಾದ ಮೇಲೆ. ಹಾಗಾಗಿ ಭಾನುವಾರ ಬೆಳಿಗ್ಗೆ ಇಡೋಣ ಅಂದುಕೊಂಡಿದ್ದಾರೆ. ಭಾನುವಾರ ಅವರಿಗೆ ವಾರದ ಬಟ್ಟೆ ಒಗೆಯುವ ದಿನ, ಬೆಳಿಗ್ಗೆ ಕೈ ಬಿಡುವಿರುವುದಿಲ್ಲ ಅಂದೆ. ಬಸ್ಸು ನಿಲ್ಲುವ ಜಾಗಕ್ಕೇ ಹೋಗಿ ಆ ಹೆಣ್ಣುಮಕ್ಕಳನ್ನು ಕೇಳಿಕೊಂಡು ಬಂದು ಫೋನ್ ಮಾಡುತ್ತಾರಂತೆ.